ಬ್ರೀಫ್, ಜ್ಯಾಮರ್, ಬೋರ್ಡ್ ಶಾರ್ಟ್ಸ್: ಆಚಾರವಂತರ ನಡುವೆ ಈಜುವ ಗಂಡಸಿಗೆ ಯಾವುದು ಒಪ್ಪುತ್ತದೆ?

ಗಂಡಸಿನ ಈಜುಡುಗೆ ಎಷ್ಟು ಚಿಕ್ಕದಿರಬಹುದು ಎಂಬುದು ಹೆಚ್ಚಿನವರಿಗೆ ಅಭಿರುಚಿಯ ಮಾತು. ಧರ್ಮಶ್ರದ್ಧೆ ಗಟ್ಟಿಯಾಗಿರುವ ಸಮುದಾಯದ ಜೊತೆ ಒಂದೇ ಕೊಳವನ್ನು ಹಂಚಿಕೊಳ್ಳುವವನಿಗೆ ಅದು ದಿನನಿತ್ಯದ ಪ್ರಶ್ನೆ. ನಾನು ಆಟಕ್ಕಾಗಿ ಅಲ್ಲ, ವ್ಯಾಯಾಮಕ್ಕಾಗಿ ಸುತ್ತು ಹಾಕಿ ಈಜುವವನು. ನಾನು ಈಜುವ ಕೊಳಗಳಿಗೆ ಬರುವವರಲ್ಲಿ ಬೇರೆ ಬೇರೆ ಧರ್ಮಗಳ ಆಚಾರವಂತ ಕುಟುಂಬದವರೇ ಹೆಚ್ಚು. ಅವರ ಮನಸ್ಸಿಗೆ ಮುಜುಗರವಾಗದಂತೆಯೂ ನನ್ನ ಈಜು ಕೆಡದಂತೆಯೂ ಇರುವ ಉಡುಗೆ ಯಾವುದೆಂದು ತಿಳಿಯಲು ತೊಡೆಯನ್ನು ಮುಚ್ಚದ ಚಿಕ್ಕ ಚಡ್ಡಿಯಾದ ಬ್ರೀಫ್, ಸ್ಕ್ವೇರ್ ಕಟ್, ಜ್ಯಾಮರ್, ಬೋರ್ಡ್ ಶಾರ್ಟ್ಸ್ ಮತ್ತು ಉದ್ದನೆಯ ಈಜು ಟೈಟ್ಸ್ ಜೊತೆಗಿನ ಮೈಗಂಟುವ ಈಜು ಅಂಗಿ, ಅಂದರೆ ರ‍್ಯಾಶ್ ಗಾರ್ಡ್, ಹೀಗೆ ಐದು ಬಗೆಗಳನ್ನು ಸಾಕಷ್ಟು ಕಾಲ ತೊಟ್ಟು ನೋಡಿದ್ದೇನೆ. ನೀರಿನೊಳಗೆ ಉಡುಗೆ ಹೇಗೆ ನಡೆದುಕೊಳ್ಳುತ್ತದೆ, ಬಟ್ಟೆ ಬದಲಿಸುವ ಕೋಣೆಯಿಂದ ಕೊಳದ ಅಂಚಿನವರೆಗಿನ ದಾರಿಯಲ್ಲಿ ಹೇಗೆ ಕಾಣುತ್ತದೆ, ಒದ್ದೆಯಾಗಿ ಮೇಲೆ ಬಂದಾಗ ಎಷ್ಟು ಮುಚ್ಚುತ್ತದೆ ಎಂಬುದನ್ನೇ ಮುಖ್ಯವಾಗಿ ಗಮನಿಸಿದ್ದೇನೆ. ಕೊನೆಯದನ್ನು ಅಂಗಡಿಯಲ್ಲಿ ನಿಂತು ಆರಿಸುವವರು ಯೋಚಿಸುವುದೇ ಇಲ್ಲ. ನನ್ನ ತೀರ್ಮಾನ ನಿಂತಿರುವುದು ಬಹುಪಾಲು ಅದರ ಮೇಲೆ.

ಬ್ರೀಫ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಕರಾರು ಇರುವುದು ಅದರ ಬಗ್ಗೆಯೇ. ನೀರಿನೊಳಗೆ ಇದಕ್ಕೆ ಸಾಟಿಯಿಲ್ಲ. ನೀರನ್ನು ಹಿಡಿದಿಡುವ ಬಟ್ಟೆಯೇ ಇದರಲ್ಲಿ ಇಲ್ಲದಿರುವುದರಿಂದ ಗೋಡೆಯನ್ನು ಒದ್ದು ಹೊರಟಾಗ ಸೊಂಟದ ಬಳಿ ಎಳೆತ ಇರುವುದಿಲ್ಲ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಂಡಿ ಮಡಚಿ ಕಾಲನ್ನು ಹೊರಕ್ಕೆ ಬೀಸುವಾಗ ತೊಡೆಗೆ ಯಾವ ಕಟ್ಟೂ ಇರುವುದಿಲ್ಲ. ಒಳಗಿನ ಲಾಡಿಯನ್ನು ಒಮ್ಮೆ ಬಿಗಿದು ಗಂಟು ಹಾಕಿದರೆ ಮುಗಿಯಿತು, ನಡುವೆ ಕೈ ಹಾಕಿ ಸರಿಪಡಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ. ಹಿಂಡಿ ಹರವಿದರೆ ಬೇಗ ಒಣಗುತ್ತದೆ.

ದಾರಿಯಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಈ ಉಡುಗೆಗೆ ಎದುರಾದ ವಿರೋಧವೆಲ್ಲ ಧರ್ಮದಿಂದಲೇ ಬಂದದ್ದೆಂದು ಹೇಳುವಂತಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಬಾಂಡೈ ಕಡಲತೀರದಲ್ಲಿ 1961ರಲ್ಲಿ, ಆಗತಾನೇ ಬಂದಿದ್ದ ಸ್ಪೀಡೋ ಕಂಪನಿಯ ಬ್ರೀಫ್ ತೊಟ್ಟವರನ್ನು ಅಸಭ್ಯತೆಯ ಆರೋಪದ ಮೇಲೆ ಹಿಡಿಯಲಾಗಿತ್ತು. ಆರೋಪ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅಲ್ಲಿನ ಕಣ್ಣಿಗೆ ಆ ಉಡುಗೆ ಕ್ರಮೇಣ ರೂಢಿಯಾಯಿತು. ಧರ್ಮದ ಕಟ್ಟಳೆಗೆ ಅಳತೆ ಇರುವ ಕಡೆ ರೂಢಿ ಅಷ್ಟು ಸುಲಭವಾಗಿ ಕೆಲಸ ಮಾಡುವುದಿಲ್ಲ. ಇಸ್ಲಾಮಿನ ಹೆಚ್ಚಿನ ಪಂಥಗಳ ಪ್ರಕಾರ ಗಂಡಸು ಮುಚ್ಚಿಕೊಳ್ಳಬೇಕಾದದ್ದು ಹೊಕ್ಕುಳಿನಿಂದ ಮೊಣಕಾಲಿನವರೆಗೆ. ಹನಫಿ ಪಂಥದವರು ಮೊಣಕಾಲನ್ನೂ ಅದರಲ್ಲೇ ಸೇರಿಸುತ್ತಾರೆ. ಬ್ರೀಫ್ ಮೇಲೆ ಹೊಕ್ಕುಳನ್ನೂ ಮುಟ್ಟುವುದಿಲ್ಲ, ಕೆಳಗೆ ತೊಡೆಯನ್ನೂ ಮುಟ್ಟುವುದಿಲ್ಲ. ಇಲ್ಲಿ ವಾದಕ್ಕೆ ಅವಕಾಶವೇ ಇಲ್ಲ.

‘ಗಂಡಸರಿಗೆ ಮಾತ್ರ’ ಎಂದು ಗೊತ್ತುಪಡಿಸಿದ ವೇಳೆಯಲ್ಲಿ ಎಲ್ಲವೂ ನಡೆಯುತ್ತದೆ ಎಂದು ಹೊರಗಿನವರು ಭಾವಿಸುವುದುಂಟು. ಆ ವೇಳೆಯ ಅರ್ಥ ಎಲ್ಲ ಸಮುದಾಯಗಳಿಗೂ ಒಂದೇ ಅಲ್ಲ. ಆಚಾರನಿಷ್ಠ ಯಹೂದಿಗಳಲ್ಲಿ ಮುಖ್ಯ ಪ್ರಶ್ನೆ ಗಂಡಸರೂ ಹೆಂಗಸರೂ ಒಟ್ಟಿಗೆ ಈಜುವುದರದ್ದು. ಟೆಲ್ ಅವೀವ್‌ನ ನೋರ್ಡಾವ್ ಕಡಲತೀರದಲ್ಲಿ ಇಬ್ಬರಿಗೂ ಬೇರೆ ಬೇರೆ ದಿನಗಳನ್ನು ಹಂಚಿರುವುದು ಅದಕ್ಕಾಗಿಯೇ. ಆ ಬೇರ್ಪಾಟು ಆದ ಮೇಲೆ ಗಂಡಸರ ನಡುವೆ ಚಡ್ಡಿಯ ಉದ್ದ ದೊಡ್ಡ ವಿಷಯವಾಗುವುದು ಕಡಿಮೆ. ಮುಸ್ಲಿಮರಲ್ಲಿ ಹಾಗಲ್ಲ: ಹೊಕ್ಕುಳು ಮತ್ತು ಮೊಣಕಾಲಿನ ಮಿತಿ ಗಂಡಸು ಇನ್ನೊಬ್ಬ ಗಂಡಸಿನ ಎದುರಿಗಿರುವಾಗಲೂ ಅನ್ವಯಿಸುತ್ತದೆ, ಆದ್ದರಿಂದ ಗಂಡಸರ ವೇಳೆಯಲ್ಲಿ ಬ್ರೀಫ್ ತೊಟ್ಟು ಹೋದರೂ ಪಕ್ಕದ ಲೇನ್‌ನವನು ಮುಖ ತಿರುಗಿಸಿಕೊಳ್ಳಬೇಕಾಗುತ್ತದೆ. ನಾನು ಗಮನಿಸಿದ ಸಂಪ್ರದಾಯಸ್ಥ ಕ್ರೈಸ್ತ ಕುಟುಂಬಗಳಲ್ಲಿ ಇಂತಿಷ್ಟೇ ಉದ್ದ ಇರಬೇಕೆಂಬ ಕಟ್ಟಳೆ ಕಾಣಲಿಲ್ಲ. ಅಲ್ಲಿ ಕೇಳಿಬಂದದ್ದು ಹೆಂಗಸರು ಮಕ್ಕಳ ಎದುರು ಲಜ್ಜೆ ಉಳಿಯಬೇಕು ಎಂಬ ಮಾತು, ಅದನ್ನು ಅಳೆಯುವುದು ಇನ್ನೂ ಕಷ್ಟ.

ಜಾಗದ ಮಹತ್ವ ತಿಳಿಯಲು ಮಲೇಷ್ಯಾದ ಉದಾಹರಣೆಯೊಂದೇ ಸಾಕು. 2016ರ ಅಕ್ಟೋಬರ್‌ನಲ್ಲಿ ಸೆಪಾಂಗ್‌ನ ಫಾರ್ಮುಲಾ ಒನ್ ರೇಸ್ ಮುಗಿದಾಗ ಒಂಬತ್ತು ಮಂದಿ ಆಸ್ಟ್ರೇಲಿಯನ್ನರು ಅಂಗಿ ಪ್ಯಾಂಟು ಕಳಚಿ, ಮಲೇಷ್ಯಾದ ಧ್ವಜದ ವಿನ್ಯಾಸವಿದ್ದ ಈಜು ಬ್ರೀಫ್‌ನಲ್ಲಿ ನಿಂತು ಸಂಭ್ರಮಿಸಿದರು; ಕೆಲವು ದಿನ ಪೊಲೀಸರ ವಶದಲ್ಲಿದ್ದು, ಸಾರ್ವಜನಿಕರಿಗೆ ಉಪದ್ರವ ಕೊಟ್ಟ ತಪ್ಪನ್ನು ಒಪ್ಪಿಕೊಂಡ ಮೇಲೆ ಬಿಡುಗಡೆ ಪಡೆದರು. ಅದೇ ಮಲೇಷ್ಯಾದ ಗಂಡು ಡೈವರ್‌ಗಳು ಒಲಿಂಪಿಕ್ಸ್‌ನಲ್ಲಿ ಬ್ರೀಫ್ ತೊಟ್ಟೇ ಹಲಗೆಯಿಂದ ಹಾರುತ್ತಾರೆ. ಧ್ವಜದ ವಿಷಯವೂ ಅಲ್ಲಿ ಸೇರಿಕೊಂಡಿತ್ತು ನಿಜ, ಆದರೂ ನೀರಿಲ್ಲದ ಕಡೆ ಈಜುಡುಗೆಗೆ ಯಾವ ರಕ್ಷಣೆಯೂ ಇಲ್ಲ ಎಂಬುದು ಸ್ಪಷ್ಟ. ಕೊಳದಲ್ಲಿಯೂ ನನಗೆ ಬಂದ ಆಕ್ಷೇಪ ಈ ಬಗೆಯದ್ದೇ. ಹಿರಿಯರೊಬ್ಬರು ಪಕ್ಕಕ್ಕೆ ಕರೆದು, “ನೀವು ಈಜೋದಕ್ಕೆ ನಮ್ಮದೇನೂ ತಕರಾರಿಲ್ಲಪ್ಪ, ಮಕ್ಕಳ ಕ್ಲಾಸು ಬಿಡೋ ಹೊತ್ತಿಗೆ ಈ ಬೆಂಚಿನ ಮೇಲೆ ಹೀಗೆ ಕೂತಿರಬೇಡಿ, ಅಷ್ಟೇ” ಎಂದರು. ಅವರು ತಪ್ಪು ಹೇಳಿದರೆಂದು ನನಗೆ ಅನ್ನಿಸಲಿಲ್ಲ.

ಹಾಗಾದರೆ ಬ್ರೀಫ್ ಮೇಲೆ ಏನಾದರೂ ಹೊದ್ದು ಹೋದರೆ? ಟವೆಲನ್ನು ಸೊಂಟಕ್ಕೆ ಸುತ್ತಿದರೆ ನಾಲ್ಕು ಹೆಜ್ಜೆಗೆ ಸಡಿಲವಾಗುತ್ತದೆ, ಒಂದು ಕೈ ಅದಕ್ಕೇ ಮೀಸಲಾಗುತ್ತದೆ. ತಲೆಯ ಮೇಲಿಂದ ಹಾಕಿಕೊಳ್ಳುವ ಟವೆಲ್ ಬಟ್ಟೆಯ ನಿಲುವಂಗಿ ಇದಕ್ಕಿಂತ ಎಷ್ಟೋ ಮೇಲು. ಮೊಣಕಾಲಿನ ಕೆಳಗಿನವರೆಗೂ ಇಳಿಯುತ್ತದೆ, ಒಳಗೇ ಬಟ್ಟೆ ಬದಲಿಸಬಹುದು. ಅದರ ಯಶಸ್ಸು ಮಾತ್ರ ಗೋಡೆಯ ಮೊಳೆಯ ಮೇಲೆ ನಿಂತಿದೆ. ಏಣಿಯ ಕೈಯಳತೆಯಲ್ಲಿ ನಿಲುವಂಗಿ ನೇತುಹಾಕಲು ಜಾಗವಿದ್ದರೆ ಕಳಚಿ ನೀರಿಗಿಳಿಯುವುದೂ ಮೇಲೇರಿ ತೊಡುವುದೂ ಕ್ಷಣದ ಕೆಲಸ. ಮೊಳೆ ಆಚೆ ತುದಿಯಲ್ಲಿದ್ದರೆ ಕೊಳದ ಉದ್ದಕ್ಕೂ ನಡೆದು ಹೋಗಿ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ನೋಡಬಾರದವರೆಲ್ಲ ನೋಡಿ ಆಗಿರುತ್ತದೆ.

ಸ್ಕ್ವೇರ್ ಕಟ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತೊಡೆಯ ಮೇಲ್ಭಾಗವನ್ನು ನಾಲ್ಕು ಬೆರಳಿನಷ್ಟು ಮುಚ್ಚುವ ಈ ಚಡ್ಡಿ ಬ್ರೀಫ್‌ನ ಸ್ವಾತಂತ್ರ್ಯವನ್ನೂ ಕೊಡುವುದಿಲ್ಲ, ಆಚಾರವಂತರಿಗೆ ಸಮಾಧಾನವನ್ನೂ ತರುವುದಿಲ್ಲ. ಬ್ರೀಫ್ ಒಪ್ಪದವರು ಇದನ್ನೂ ಒಪ್ಪಲಿಲ್ಲ.

ಮರ್ಯಾದಸ್ಥ ಉಡುಗೆ ಎಂದು ಎಲ್ಲರೂ ಮೊದಲು ತೋರಿಸುವುದು ಬೋರ್ಡ್ ಶಾರ್ಟ್ಸನ್ನು. ಒಣಗಿದ್ದಾಗ ಆ ಮಾತು ಸರಿ: ಸಡಿಲ, ಮೊಣಕಾಲಿನವರೆಗೆ ಉದ್ದ, ಯಾರ ಎದುರೂ ನಿಲ್ಲಬಹುದು. ನೀರಿಗೆ ಧುಮುಕಿದೊಡನೆ ಅದರ ಗುಣ ಬದಲಾಗುತ್ತದೆ. ಕಾಲಿನ ಅಂಚುಗಳಿಂದ ಗಾಳಿ ನುಗ್ಗಿ ಸೊಂಟದ ಸುತ್ತ ಬಲೂನಿನಂತೆ ಉಬ್ಬುತ್ತದೆ, ಅಂಚು ತೇಲಿ ತೊಡೆಸಂದಿಯವರೆಗೆ ಏರುತ್ತದೆ, ನೀರಿನಡಿ ಕನ್ನಡಕ ತೊಟ್ಟು ಹಿಂದೆ ಬರುವವನಿಗೆ ಬ್ರೀಫ್ ಮುಚ್ಚುವಷ್ಟೂ ಇದು ಮುಚ್ಚಿರುವುದಿಲ್ಲ. ಏಣಿ ಹತ್ತುವಾಗ ಜೇಬಿನ ನೀರಿನ ಭಾರಕ್ಕೆ ಸೊಂಟದ ಪಟ್ಟಿ ಕೆಳಗೆ ಜಗ್ಗುತ್ತದೆ. ಮೇಲೆ ಬಂದು ನಿಂತರೆ ತೆಳುವಾದ ಬಟ್ಟೆ ಪಟ್ಟನೆ ತೊಡೆಗೂ ಮುಂಭಾಗಕ್ಕೂ ಅಂಟಿಕೊಂಡು ಮೈಯ ಗೆರೆಗಳನ್ನೆಲ್ಲ ಬಿಡಿಸಿ ತೋರಿಸುತ್ತದೆ. ಹೀಗಾಗಿ ಸಡಿಲ ಚಡ್ಡಿ ತೊಟ್ಟವರೆಲ್ಲ ಮೇಲೆ ಬಂದ ಕೂಡಲೇ ಎರಡು ಬೆರಳಿನಿಂದ ಬಟ್ಟೆಯನ್ನು ಚಿವುಟಿ ಮೈಯಿಂದ ಬಿಡಿಸಿಕೊಳ್ಳುತ್ತಾರೆ, ಆ ಚೇಷ್ಟೆಯೇ ನೋಡುವವರ ಗಮನ ಸೆಳೆಯುತ್ತದೆ. ಸುತ್ತು ಹಾಕಿ ಈಜುವುದಕ್ಕಂತೂ ಇದು ಹೊರೆ. ಕೆಲವು ಕಡೆ ನಿಯಮವೇ ಇದಕ್ಕೆ ಅಡ್ಡಬರುತ್ತದೆ: ಫ್ರಾನ್ಸಿನ ಹೆಚ್ಚಿನ ಸಾರ್ವಜನಿಕ ಕೊಳಗಳಲ್ಲಿ ನೈರ್ಮಲ್ಯದ ಕಾರಣಕ್ಕೆ ಸಡಿಲ ಚಡ್ಡಿ ನಿಷಿದ್ಧ, ಮೈಗಂಟುವ ಉಡುಗೆಯೇ ಕಡ್ಡಾಯ. ಗ್ರೆನೋಬಲ್ ನಗರವು 2022ರಲ್ಲಿ ಈ ನಿಯಮವನ್ನು ಸಡಿಲಿಸಿ ಬುರ್ಕಿನಿಗೆ (ಮುಸ್ಲಿಂ ಹೆಂಗಸರು ತೊಡುವ, ಮೈತುಂಬ ಮುಚ್ಚುವ ಈಜುಡುಗೆ) ದಾರಿ ಮಾಡಿಕೊಟ್ಟಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅದೇ ವರ್ಷದ ಜೂನ್ 21ರಂದು ಆ ಸಡಿಲಿಕೆಗೆ ಬಿದ್ದಿದ್ದ ತಡೆಯನ್ನು ಎತ್ತಿಹಿಡಿಯಿತು. ಅಂದರೆ ಆಚಾರವಂತನಾದ ಗಂಡಸು ಒಂದು ಕಡೆ ಚಿಕ್ಕದಾಯಿತೆಂದು, ಇನ್ನೊಂದು ಕಡೆ ದೊಡ್ಡದಾಯಿತೆಂದು ಹೊರಗೆ ನಿಲ್ಲಬೇಕಾಗುತ್ತದೆ.

ಜ್ಯಾಮರ್ ನನಗೆ ಅಚ್ಚರಿ ತಂದ ಉಡುಗೆ. ಸೊಂಟದಿಂದ ಮೊಣಕಾಲಿನ ತುಸು ಮೇಲಿನವರೆಗೆ ಮೈಗಂಟಿ ಇಳಿಯುವ ಇದನ್ನು ಸ್ಪರ್ಧೆಯ ಈಜುಗಾರರಿಗೆಂದೇ ರೂಪಿಸಿದ್ದು. ರೋಮ್‌ನಲ್ಲಿ 2009ರಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೈತುಂಬ ಮುಚ್ಚುವ ಪಾಲಿಯುರೆಥೇನ್ ಉಡುಗೆಗಳಿಂದ 43 ವಿಶ್ವ ದಾಖಲೆಗಳು ಉರುಳಿದ ಮೇಲೆ ಅಂತಾರಾಷ್ಟ್ರೀಯ ಈಜು ಒಕ್ಕೂಟ 2010ರಿಂದ ಜಾರಿಗೆ ತಂದ ನಿಯಮದಂತೆ ಗಂಡಸರ ಉಡುಗೆ ಹೊಕ್ಕುಳಿನ ಮೇಲಕ್ಕೂ ಹೋಗಬಾರದು, ಮೊಣಕಾಲಿನ ಕೆಳಕ್ಕೂ ಇಳಿಯಬಾರದು. ಇಸ್ಲಾಮಿನ ಧರ್ಮಶಾಸ್ತ್ರ ಹೇಳುವ ಗಡಿಗಳೂ ಇವೇ ಎರಡು; ಒಂದು ನಿಯಮ ಇದಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ, ಇನ್ನೊಂದು ಇದಕ್ಕಿಂತ ಕಡಿಮೆ ಬೇಡ ಎನ್ನುತ್ತದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಅವು ಜ್ಯಾಮರ್‌ನ ಬಳಿ ಬಂದು ಸೇರುವುದು ಈಜುವವನ ಪಾಲಿಗೆ ಒಳ್ಳೆಯದೇ ಆಯಿತು.

ಪೂರ್ತಿ ಸೇರುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಗಡಿಯ ಜ್ಯಾಮರ್ ಸಾಮಾನ್ಯವಾಗಿ ಹೊಕ್ಕುಳಿನ ಕೆಳಗೆ ನಿಲ್ಲುತ್ತದೆ, ಕುಳಿತಾಗ ಅಂಚು ಮೊಣಕಾಲಿನಿಂದ ಇನ್ನೂ ಮೇಲೆ ಸರಿಯುತ್ತದೆ. ಅದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ ಚರ್ಮವನ್ನು ಮುಚ್ಚಿದರೆ ಸಾಲದು, ಆಕಾರವೂ ಮರೆಯಾಗಬೇಕು ಎಂಬುದು. ಈ ಮಾತನ್ನು ಧರ್ಮಜ್ಞರು ಹೇಳುವುದುಂಟು, ಮೈಗಂಟುವ ಜ್ಯಾಮರ್ ಅದಕ್ಕೆ ಉತ್ತರ ಕೊಡಲಾರದು. ಆದರೆ ಒದ್ದೆಯಾದ ಬೋರ್ಡ್ ಶಾರ್ಟ್ಸ್ ಪಕ್ಕದಲ್ಲಿಟ್ಟು ನೋಡಿದರೆ ಜ್ಯಾಮರ್ ಕನಿಷ್ಠಪಕ್ಷ ಒದ್ದೆಯಾಗಿದ್ದರೂ ಒಣಗಿದ್ದರೂ ಒಂದೇ ರೀತಿ ಇರುತ್ತದೆ. ಮುಂಭಾಗಕ್ಕೆ ಒಳಪದರವಿರುವ, ಕಪ್ಪು ಅಥವಾ ಕಡುನೀಲಿ ಬಣ್ಣದ, ತರಬೇತಿಗೆಂದು ಮಾಡಿದ ದಪ್ಪ ಬಟ್ಟೆಯದಾದರೆ ಗೆರೆಗಳು ಅಷ್ಟಾಗಿ ಎದ್ದು ಕಾಣುವುದಿಲ್ಲ. ನೀರಿನಲ್ಲಿ ಬ್ರೀಫ್‌ಗೂ ಇದಕ್ಕೂ ಇರುವ ವ್ಯತ್ಯಾಸ ಫ್ರೀಸ್ಟೈಲ್‌ನಲ್ಲಿ ನನ್ನಂಥವನಿಗೆ ತಿಳಿಯುವುದೇ ಇಲ್ಲ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಾತ್ರ ಮೊಣಕಾಲಿನ ಮೇಲೆ ಸಣ್ಣ ಬಿಗಿತ. ಕಳಚುವುದು ತ್ರಾಸದಾಯಕ: ಒದ್ದೆ ಬಟ್ಟೆಯನ್ನು ಒಳಹೊರಗು ಮಾಡಿ ಸುಲಿಯಬೇಕು, ಇಕ್ಕಟ್ಟಾದ ಕೋಣೆಯಲ್ಲಿ ಒಂಟಿ ಕಾಲಿನಲ್ಲಿ ನಿಂತು.

ಟೈಟ್ಸ್ ಮತ್ತು ರ‍್ಯಾಶ್ ಗಾರ್ಡ್ ಜೋಡಿ, ಮೇಲೊಂದು ಸಡಿಲ ಚಡ್ಡಿ ಸೇರಿದರೆ, ಯಾವ ಧರ್ಮದ ಯಾವ ಹಿರಿಯರೂ ಬೆರಳು ಮಾಡಲಾರರು. ಮಕ್ಕಳನ್ನು ಆಡಿಸುವ ತಂದೆಗೆ, ಬಿಸಿಲಿನಲ್ಲಿ ಸಮುದ್ರಕ್ಕಿಳಿಯುವವನಿಗೆ ಇದು ನಿಸ್ಸಂದೇಹವಾಗಿ ಒಳ್ಳೆಯ ಆಯ್ಕೆ. ಸುತ್ತು ಹಾಕುವವನಿಗೆ ಬೇಗ ದಣಿವಾಗುತ್ತದೆ, ಗೋಡೆ ಒದ್ದಾಗಲೆಲ್ಲ ಅಂಗಿ ಹೊಟ್ಟೆಯ ಮೇಲೆ ಸರಿದು ಹೊಕ್ಕುಳು ಕಾಣುತ್ತದೆ. ಕೆಲವು ರ‍್ಯಾಶ್ ಗಾರ್ಡ್‌ಗಳ ಕೆಳಅಂಚಿನಲ್ಲಿ ಚಡ್ಡಿಯ ಲಾಡಿಗೆ ಸಿಕ್ಕಿಸಲೆಂದೇ ಒಂದು ಪುಟ್ಟ ಕುಣಿಕೆ ಇರುತ್ತದೆ. ಅದಿಲ್ಲದ್ದನ್ನು ಕೊಳ್ಳುವುದು ವ್ಯರ್ಥ.

ಎಲ್ಲರೂ ಸೇರುವ ವೇಳೆಯಲ್ಲಿ ನಾನೀಗ ತೊಡುವುದು ಜ್ಯಾಮರ್. ಕೋಣೆಯಿಂದ ಅಂಚಿನವರೆಗೆ ಅದರ ಮೇಲೊಂದು ಸಡಿಲ ಚಡ್ಡಿ, ನೀರಿಗಿಳಿಯುವಾಗ ಅದನ್ನು ತೆಗೆದು ಏಣಿಯ ಬಳಿಯೇ ಇಡುತ್ತೇನೆ. ಆಕಾರವೂ ಮರೆಯಾಗಬೇಕೆನ್ನುವ ಸ್ನೇಹಿತರು ಆ ಚಡ್ಡಿಯ ಸಮೇತ ಈಜುತ್ತಾರೆ, ವೇಗ ಹೋದರೆ ಹೋಗಲಿ ಎನ್ನುತ್ತಾರೆ. ಬ್ರೀಫ್ ಒಂದನ್ನೇ ತೊಡುವುದು ಯಾರಿಗೂ ಆಕ್ಷೇಪವಿಲ್ಲವೆಂದು ಮೊದಲೇ ಕೇಳಿ ತಿಳಿದುಕೊಂಡ ಗಂಡಸರ ವೇಳೆಯಲ್ಲಿ ಮಾತ್ರ. ಯಾವುದನ್ನೇ ಕೊಂಡರೂ ಕ್ಲೋರಿನ್‌ಗೆ ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಬೇಗ ಸೋಲುತ್ತದೆ, ಪಾಲಿಯೆಸ್ಟರ್ ಮತ್ತು ಅದರದೇ ಒಂದು ಬಗೆಯಾದ ಪಿಬಿಟಿ ನೂಲಿನ ಬಟ್ಟೆ ಹೆಚ್ಚು ಕಾಲ ತಾಳುತ್ತದೆ ಎಂಬುದು ನೆನಪಿರಲಿ; ಕುಳಿತುಕೊಳ್ಳುವ ಭಾಗ ಮೊದಲು ಸವೆದು ತೆಳುವಾಗುತ್ತದೆ, ತೊಟ್ಟವನಿಗೆ ಕಾಣುವುದಿಲ್ಲ. ಆಗಾಗ ಬೆಳಕಿಗೆ ಹಿಡಿದು ಎಳೆದು ನೋಡಿ, ಆಚೆಯ ಬೆರಳು ಕಂಡರೆ ಆ ಉಡುಗೆಯನ್ನು ಒಳಗೆ ತೊಡಲು ಇಟ್ಟುಕೊಳ್ಳಬೇಕು. ನನ್ನ ಹಳೆಯ ಬ್ರೀಫ್‌ಗಳೆಲ್ಲ ಈಗ ಜ್ಯಾಮರ್‌ನ ಒಳಗೇ ಕೆಲಸಕ್ಕೆ ಬರುತ್ತಿವೆ.