ಟೊಮೆಟೊ ಲೋಡಿಗೆ ಗಾಡಿ ಕೂರದಿರಲು ಯಾವುದು ಸರಿ: ಪ್ಲೇಟೋ, ರಬ್ಬರೋ, ಗಾಳಿ ಚೀಲವೋ?

ನಮ್ಮದು 1.7 ಟನ್ ಹೊರುವ ಬೊಲೆರೊ ಪಿಕಪ್. ಸೀಸನ್ನಿನಲ್ಲಿ ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವುದೇ ಅದರ ಕೆಲಸ. ಕ್ರೇಟಿಗೆ 15 ಕೆಜಿ ಹಣ್ಣು, ಖಾಲಿ ಕ್ರೇಟೇ ಎರಡು ಕೆಜಿ ಹತ್ತಿರ. 90 ಕ್ರೇಟ್ ಏರಿಸಿದರೆ ಒಂದೂವರೆ ಟನ್ ಆಯ್ತು. ಆರ್‌ಸಿ ಲೆಕ್ಕಕ್ಕೆ ಇದು ಸರಿಯೇ. ಆದರೂ ಗಾಡಿ ಹಿಂದೆ ಕೂತು ಮೂತಿ ಎತ್ತುತ್ತಿತ್ತು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಹಂಪ್ ಬಂದರೆ ಕೆಳಗಿನಿಂದ ಧಡ್ ಅಂತ ಸದ್ದು. ಟೇಪ್ ಹಿಡಿದು ನೋಡಿದೆ, ಲೋಡಿಗೆ ಐದು ಇಂಚು ಇಳಿಯುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಮಾನು ಅಂದರೆ ಗಾಡಿಯ ಭಾರ ಹೊರುವ, ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಎರಡೂ ಕಡೆ ಕಮಾನಿಗೆ ಒಂದೊಂದು ಪಟ್ಟಿ, ಅಂದರೆ ಪ್ಲೇಟ್, ಜಾಸ್ತಿ ಹಾಕಿಸಿದೆ. ಸೆಂಟರ್ ಬೋಲ್ಟ್, ಯು ಬೋಲ್ಟ್ ಉದ್ದದ್ದು ಬೇಕಾಯ್ತು. ಅರ್ಧ ದಿನದ ಕೆಲಸ. ಲೋಡ್ ಹಾಕಿದರೆ ಮೂರೂವರೆ ಇಂಚಷ್ಟೇ ಇಳಿಯಿತು. ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆಯಾಯ್ತು. ಹೋಗುವಾಗ ರಾಜನ ಹಾಗೆ ಹೋದೆ.

ಬರುವಾಗ ಗೊತ್ತಾಯ್ತು. ಮಂಡಿಯಿಂದ ಖಾಲಿ ಕ್ರೇಟ್ ಹೊತ್ತು ಬರುವಾಗ ಹಿಂಭಾಗ ಕಪ್ಪೆ ಹಾಗೆ ಕುಣಿಯಿತು. ಮಳೆ ಬಿದ್ದ ರಸ್ತೆಯಲ್ಲಿ ಒಮ್ಮೆ ಬ್ರೇಕ್ ಹಿಡಿದರೆ ಹಿಂದಿನ ಟೈರ್ ಜಾರಿತು. "ಅಣ್ಣಾ, ಕಮಾನು ಬಗ್ಗಲ್ಲ ಅಂದ್ರೆ ಆ ಪೆಟ್ಟು ಎಲ್ಲಿಗೆ ಹೋಗ್ಬೇಕು? ಚಾಸಿಗೇ ಅಲ್ವಾ?" ಅಂದ ಕಮಾನು ಕೆಲಸದ ಹುಡುಗ. ಹಾಕುವ ಮುಂಚೆ ಹೇಳಬಹುದಿತ್ತು ಮಹರಾಯ!

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸುಮಾರು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿ ಸಿಕ್ಕಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಗಾಡಿ ಎಷ್ಟು ಇಳಿದಿದೆ ಎನ್ನುವುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಕಮಾನು ಎತ್ತರಿಸಿದರೆ ಲೋಡಿದ್ದರೂ ಅದಕ್ಕೆ ಗಾಡಿ ಖಾಲಿ ಅಂತಲೇ ಲೆಕ್ಕ. ಹಿಂದಿನ ಬ್ರೇಕ್ ಮೆತ್ತಗಾಗುತ್ತದೆ. ಕಮಾನು ಮುಟ್ಟಿದರೆ ಆ ಕಡ್ಡಿಯನ್ನೂ ಸೆಟ್ ಮಾಡಿಸಲೇಬೇಕು.

ಮುಂದಿನ ಸೀಸನ್ನಿಗೆ ಪ್ಲೇಟ್ ಬಿಚ್ಚಿಸಿ ಗಾಳಿ ಚೀಲ ಹಾಕಿಸಿದೆ. ಆಕ್ಸಲ್‌ಗೂ ಚಾಸಿಗೂ ನಡುವೆ ಕೂರುವ ರಬ್ಬರ್ ಚೀಲ ಇದು. ಲೋಡಿಗೆ ಗಾಳಿ ತುಂಬು, ಖಾಲಿಯಾದರೆ ಇಳಿಸು. ಪೂರ್ತಿ ಇಳಿಸುವ ಹಾಗಿಲ್ಲ, ಸ್ವಲ್ಪ ಉಳಿಸದಿದ್ದರೆ ಚೀಲ ಮಡಚಿ ಹರಿಯುತ್ತದೆ. ಸುಖದ ಲೆಕ್ಕಕ್ಕೆ ಮೂರರಲ್ಲಿ ಇದೇ ಮೇಲು. ಲೋಡಿದ್ದರೂ ಗಾಡಿ ಸಮ ನಿಂತಿತು, ಖಾಲಿ ಬರುವಾಗ ಕುಣಿಯಲಿಲ್ಲ. ಆದರೆ ಫಿಟ್ ಮಾಡಿದವರು ಒಂದೇ ಪೈಪನ್ನು ಕವಲೊಡೆಸಿ ಎರಡೂ ಚೀಲಕ್ಕೆ ಜೋಡಿಸಿದ್ದರು. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಆಚೆ ಕಡೆಗೆ ಓಡಿ, ಗಾಡಿ ಇನ್ನೂ ಜಾಸ್ತಿ ವಾಲಿತು. ಬೇರೆ ಬೇರೆ ಪೈಪ್ ಹಾಕಿಸಿದ ಮೇಲೆ ಸರಿಹೋಯ್ತು. ಆಮೇಲೆ ಒಂದು ಪೈಪ್ ಸೈಲೆನ್ಸರಿಗೆ ತಾಗಿ ಕರಗಿತು. ಬೆಳಗಿನ ಜಾವ, ಹರಾಜಿನ ಹೊತ್ತು, ಗಾಡಿ ಒಂದು ಕಡೆ ಕುಂಟಿಕೊಂಡು ಹೋಯ್ತು. ಬೆಲೆಯೂ ಪ್ಲೇಟಿನ ಮೂರು ಪಟ್ಟಿಗಿಂತ ಜಾಸ್ತಿ.

ಕೊನೆಗೆ ಉಳಿದದ್ದು ರಬ್ಬರ್ ಕುಶನ್. ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಜಾಗಕ್ಕೆ ಹಾಕುವ ದಪ್ಪ, ಟೊಳ್ಳು ರಬ್ಬರ್. ಖಾಲಿ ಇದ್ದಾಗ ಆಕ್ಸಲ್‌ಗೆ ತಾಗುವುದೇ ಇಲ್ಲ. ಲೋಡ್ ಬಿದ್ದಾಗ ಮಾತ್ರ ಹೊರುತ್ತದೆ. ನಾಲ್ಕು ಇಂಚು ಇಳಿಯಿತು, ಅಂದರೆ ಪ್ಲೇಟಿನಷ್ಟು ಎತ್ತುವುದಿಲ್ಲ. ಧಡ್ ಅನ್ನುವುದು ಮಾತ್ರ ನಿಂತಿತು.

ನನಗೆ ಒಪ್ಪಿದ್ದು ಇದೇ. ಜೊತೆಗೆ ಕಮಾನಿನ ತುದಿಯ ಕೊಂಡಿಯಲ್ಲಿ ಸವೆದಿದ್ದ ಶ್ಯಾಕಲ್ ಬುಷ್ ಬದಲಿಸಿ, ಚಪ್ಪಟೆಯಾಗಿದ್ದ ಹಳೇ ಕಮಾನಿಗೆ ಹೊಸ ಸೆಟ್ ಹಾಕಿಸಿದೆ. ಅರ್ಧ ಸಮಸ್ಯೆ ಅಲ್ಲೇ ಇತ್ತು ಅನ್ನಿಸುತ್ತದೆ, ಮೊದಲೇ ನೋಡಬೇಕಿತ್ತು. ದಿನವಿಡೀ ಇಟ್ಟಿಗೆಯೋ ಸಿಮೆಂಟೋ ಹೊರುವವರಾದರೆ ಪ್ಲೇಟೇ ಹಾಕಿಸಿ, ಸುಮ್ನೆ ಗಾಳಿಯ ಗೋಜು ಬೇಡ.

ಕಮಾನು ಗಟ್ಟಿಯಾಯ್ತು ಅಂತ 130 ಕ್ರೇಟ್ ಏರಿಸಬೇಡಿ. ಬ್ರೇಕ್, ಟೈರ್, ಆಕ್ಸಲ್ ಹಳೆಯವೇ. ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಗಾಳಿ ಚೀಲ ಬಿಚ್ಚಿ ಭಾವನಿಗೆ ಕೊಟ್ಟೆ. ಅವನದು ಒಂದು ದಿನ ಮೇವು, ಒಂದು ದಿನ ಗೊಬ್ಬರ. ಅವನು ಖುಷಿಯಾಗಿದ್ದಾನೆ, ಪೈಪನ್ನು ಸೈಲೆನ್ಸರಿನಿಂದ ದೂರ ಕಟ್ಟಿಸಿದ್ದಾನೆ.