ಆಮೆ ಇರುವ ಪಾರ್ಕಿನಲ್ಲಿ ಲಂಟಾನ ತೆಗೆಯುವುದು: ಯಂತ್ರವೋ, ಔಷಧಿಯೋ, ಗುದ್ದಲಿಯೋ?

ಮೂರು ವರ್ಷದಿಂದ ಒಂದು ಸಾರ್ವಜನಿಕ ಪಾರ್ಕಿನಲ್ಲಿ ಸ್ವಯಂಸೇವಕರ ಜೊತೆ ಸೇರಿ ಲಂಟಾನ ಎಂಬ, ಹೊರದೇಶದಿಂದ ಬಂದು ಹಬ್ಬಿದ ಕಳೆಪೊದೆ ತೆಗೆಯುತ್ತಿದ್ದೇನೆ. ಅಲ್ಲಿ ನಕ್ಷತ್ರ ಆಮೆಗಳಿವೆ. ಈ ಆಮೆಯನ್ನು ಕದ್ದು ಮಾರುವವರ ಸುದ್ದಿ ಆಗಾಗ ಬರುತ್ತದೆ. 2019ರಲ್ಲಿ ಅದನ್ನು ಸೈಟಿಸ್ (ಕಾಡುಪ್ರಾಣಿ, ಸಸ್ಯಗಳ ದೇಶದೇಶಗಳ ನಡುವಿನ ವ್ಯಾಪಾರವನ್ನು ಹಿಡಿತದಲ್ಲಿಡುವ) ಒಪ್ಪಂದದ ಮೊದಲ ಅನುಬಂಧಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ, ಸೇರಿಸಿದ್ದೂ ಈ ವ್ಯಾಪಾರ ನಿಲ್ಲಿಸಲಿಕ್ಕೆ. ಆದರೆ ಅದು ಓಡಾಡುವ ನೆಲವೇ ಮುಚ್ಚಿಹೋಗುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಸಿರಾಗಿದೆಯಲ್ಲ, ಚೆನ್ನಾಗಿದೆ ಅಂದುಕೊಂಡು ಜನ ಮುಂದೆ ಹೋಗುತ್ತಾರೆ.

ಲಂಟಾನ ದಟ್ಟವಾದ ಕಡೆ ಬುಡದಲ್ಲಿ ಹುಲ್ಲು ಉಳಿಯುವುದಿಲ್ಲ. ಹುಲ್ಲು ಹೋದರೆ ಆಮೆಗೆ ಮೇವು ಹೋಯಿತು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಆಮೆ ಮೊಟ್ಟೆಗೆ ಕಾವು ಕೊಡುವುದು ತಾಯಿಯಲ್ಲ, ಬಿಸಿಲು ಬಿದ್ದ ಮಣ್ಣು. ಮಣ್ಣು ಸ್ವಲ್ಪ ತಂಪಿದ್ದರೆ ಗಂಡುಮರಿ ಜಾಸ್ತಿ, ಬೆಚ್ಚಗಿದ್ದರೆ ಹೆಣ್ಣುಮರಿ ಜಾಸ್ತಿ. ಇಡೀ ನೆಲಕ್ಕೆ ನೆರಳು ಕವಿದರೆ ಮೊಟ್ಟೆ ಇಡಲು ಜಾಗವೇ ಸಿಗುವುದಿಲ್ಲ.

ಹಾಗಂತ ಒಂದೇ ಸಲ ಬೋಳು ಮಾಡಿದರೂ ಕಷ್ಟ. ನಕ್ಷತ್ರ ಆಮೆ ಬಿಲ ತೋಡುವ ಜಾತಿಯಲ್ಲ. ಮಧ್ಯಾಹ್ನದ ಬಿಸಿಲಿಗೆ ಪೊದೆಯ ಬುಡ, ಹುಲ್ಲಿನ ಗುಡ್ಡೆ ಹುಡುಕಿಕೊಂಡು ಕೂರುತ್ತದೆ. ಬೇರೆ ಪೊದೆ ಇಲ್ಲದ ಕಡೆ ಲಂಟಾನದ ಕೆಳಗೇ ಕೂತಿರುತ್ತದೆ. ನಾವು ತೆಗೆಯಬೇಕೆಂದು ಹೊರಟ ಗಿಡದ ಕೆಳಗೇ ನಾವು ಉಳಿಸಬೇಕಾದ ಜೀವ ಇರುತ್ತದೆ, ಅಲ್ವಾ? ಅದಕ್ಕೇ ಎಷ್ಟು ಬೇಗ ಜಾಗ ಖಾಲಿಯಾಯಿತು ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೆಗೆ ಪೆಟ್ಟಾಯಿತೇ, ಹುಲ್ಲು ವಾಪಸ್ ಬಂತೇ, ಲಂಟಾನ ಮತ್ತೆ ಎದ್ದಿತೇ, ಈ ಮೂರನ್ನು ಮಾತ್ರ ನೋಡುತ್ತಾ ಬಂದೆ.

ಮೊದಲ ವರ್ಷ ಒಂದು ತುಂಡು ಜಾಗಕ್ಕೆ ಜೆಸಿಬಿ ಬಿಟ್ಟೆವು. ಒಂದು ಬೆಳಗಿನಲ್ಲಿ ಕೆಲಸ ಮುಗಿಯಿತು. ಎಲ್ಲರಿಗೂ ಖುಷಿ. ಸಂಜೆ ಬೇರಿನ ಗುಡ್ಡೆ ಸರಿಸುವಾಗ ಚಿಪ್ಪು ಒಡೆದ ಒಂದು ಆಮೆ ಸಿಕ್ಕಿತು. ಶಬ್ದ ಕೇಳಿದರೆ ಆಮೆ ಓಡುವುದಿಲ್ಲ, ತಲೆ ಒಳಗೆಳೆದುಕೊಂಡು ಅಲ್ಲೇ ಕೂರುತ್ತದೆ. ಇದು ನಮಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಮೊದಲು ಹುಡುಕಿ ನೋಡದೆ ಯಂತ್ರ ಬಿಟ್ಟಿದ್ದೆವು. ಆ ದಿನ ನನಗೆ ಊಟ ಸೇರಲಿಲ್ಲ. ಗಿಡದ ವಿಷಯದಲ್ಲೂ ಲಾಭವಾಗಲಿಲ್ಲ. ಮಣ್ಣು ಮಗುಚಿಬಿದ್ದು, ಒಳಗಿದ್ದ ಬೀಜಕ್ಕೆ ಬೆಳಕು ತಾಗಿ, ಮಳೆ ಬಿದ್ದ ಮೇಲೆ ಲಂಟಾನ ಸಸಿ ಚಾಪೆ ಹಾಸಿದ ಹಾಗೆ ಎದ್ದಿತು. ಹುಲ್ಲಿನ ಬೇರು ಕಿತ್ತುಹೋಗಿದ್ದರಿಂದ ಅದಕ್ಕೆ ಪೈಪೋಟಿ ಕೊಡುವವರೇ ಇರಲಿಲ್ಲ.

ಎರಡನೆಯದು, ಕಡಿದು ಬುಡಕ್ಕೆ ಕಳೆನಾಶಕ ಹಚ್ಚುವುದು. ಸಿಂಪಡಿಸುವುದಲ್ಲ, ಬ್ರಷ್‌ನಿಂದ ಹಚ್ಚುವುದು. ನಾವು ಬಳಸಿದ್ದು ಗ್ಲೈಫೋಸೇಟ್. ಕಡಿದ ತಕ್ಷಣ ಹಚ್ಚಬೇಕು. ಗಾಯ ಒಣಗಲು ಬಿಟ್ಟರೆ ಔಷಧಿ ಬೇರಿಗೆ ಇಳಿಯುವುದಿಲ್ಲ. ಅದಕ್ಕೇ ಒಬ್ಬರು ಕಡಿಯುತ್ತಾ ಹೋದರೆ ಇನ್ನೊಬ್ಬರು ಬ್ರಷ್ ಹಿಡಿದು ಹಿಂದೆಯೇ ಬರಬೇಕು. ಸರಿಯಾಗಿ ಹಚ್ಚಿದ ಬುಡ ಸತ್ತವು. ಮಣ್ಣು ಕದಡದ ಕಾರಣ ಸಸಿಯೂ ಕಡಿಮೆ. ಗಿಡ ಸಾಯಿಸುವುದೊಂದೇ ಗುರಿಯಾದರೆ ಇದಕ್ಕೇ ನನ್ನ ಓಟು. ಆದರೆ ಆಮೆ ಸುತ್ತಮುತ್ತಲ ಹುಲ್ಲನ್ನೇ ತಿನ್ನುತ್ತದೆ. ಕೈಯಿಂದ ಒಂದು ತೊಟ್ಟು ಜಾರಿ ಹುಲ್ಲಿನ ಮೇಲೆ ಬಿದ್ದರೂ ನನಗೆ ಸಮಾಧಾನ ಇರುತ್ತಿರಲಿಲ್ಲ. ಮಕ್ಕಳು ಆಡುವ ಪಾರ್ಕು ಬೇರೆ. ಈಗ ಇದನ್ನು ಬಂಡೆ ಸಂದಿನಲ್ಲಿ, ಗುದ್ದಲಿ ಇಳಿಯದ ಕಡೆ ಮಾತ್ರ ಇಟ್ಟುಕೊಂಡಿದ್ದೇವೆ.

ಆಡು ಬಿಡಿ ಅಂತ ಸಲಹೆ ಕೊಟ್ಟವರಿದ್ದರು. ಲಂಟಾನದ ಎಲೆ ತಿಂದರೆ ಆಡು, ಕುರಿ, ದನಗಳ ಯಕೃತ್ತು ಕೆಡುತ್ತದೆ. ಅವು ಅದನ್ನು ಬಿಟ್ಟು ಆಮೆಯ ಹುಲ್ಲನ್ನೇ ಮೇಯುತ್ತವೆ. ಅದನ್ನು ಅಲ್ಲಿಗೇ ಕೈಬಿಟ್ಟೆವು.

ಬೆಂಕಿಯನ್ನೂ ನಾವು ಮುಟ್ಟಲಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಗೋಫರ್ ಆಮೆಯ ನೆಲವನ್ನು ಬೇಕೆಂದೇ ಹದವಾಗಿ ಸುಡುತ್ತಾರೆ. ಅದು ಸರಿಯೇ, ಏಕೆಂದರೆ ಗೋಫರ್ ಆಮೆ ಹಲವು ಅಡಿ ಆಳದ ಬಿಲ ತೋಡುತ್ತದೆ. ಬೆಂಕಿ ಮೇಲೆ ಹಾಯ್ದುಹೋಗುವಾಗ ಅದು ಒಳಗೆ ಕೂತಿರುತ್ತದೆ. ಅದೇ ದೇಶದ ಮೊಹಾವಿ ಮರುಭೂಮಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಹೊರಗಿನಿಂದ ಬಂದ ಹುಲ್ಲು ಒಣಗಿ ಬೆಂಕಿಯನ್ನು ಹಬ್ಬಿಸುತ್ತದೆ, ಆ ಬೆಂಕಿಯಿಂದಲೇ ಮರುಭೂಮಿ ಆಮೆಗೆ ಕುತ್ತು. ಬಿಲವೇ ಇಲ್ಲದ ನಕ್ಷತ್ರ ಆಮೆ ಎಲ್ಲಿಗೆ ಹೋಗಬೇಕು? ಲಂಟಾನವಾದರೂ ಸಾಯುತ್ತದೆಯೇ ಅಂದರೆ ಅದೂ ಇಲ್ಲ, ಸುಟ್ಟ ಬುಡದಿಂದ ಮತ್ತೆ ಚಿಗುರುತ್ತದೆ.

ನನ್ನ ಮನಸ್ಸು ಒಪ್ಪಿದ್ದು ಬೇರು ಕತ್ತರಿಸುವ ವಿಧಾನ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಅವರ ಜೊತೆಗಾರರು ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಲಂಟಾನ ಹೊಸ ಚಿಗುರು ಒಡೆಯುವುದು ಕಾಂಡ ಮತ್ತು ಬೇರು ಸೇರುವ ಗಂಟಿನಿಂದ. ಆ ಗಂಟಿನ ಕೆಳಗೆ, ಮಣ್ಣಿನಿಂದ ಕೆಲವೇ ಸೆಂಟಿಮೀಟರ್ ಒಳಗೆ, ತಾಯಿಬೇರನ್ನು ಕತ್ತರಿಸಬೇಕು. ಆಮೇಲೆ ಪೊದೆ ಎತ್ತಿ ತಲೆಕೆಳಗಾಗಿ ಇಡಬೇಕು. ಬೇರು ಮೇಲಿದ್ದರೆ ಮತ್ತೆ ಮಣ್ಣು ಹಿಡಿಯುವುದಿಲ್ಲ, ಒಣಗಿಹೋಗುತ್ತದೆ. ಸಣ್ಣ ಗುದ್ದಲಿ ಸಾಕು. ಇಡೀ ಬೇರು ತೋಡಿ ತೆಗೆಯುವುದನ್ನೂ ಮಾಡಿ ನೋಡಿದ್ದೇನೆ. ಬೆನ್ನು ಬಿದ್ದುಹೋಗುತ್ತದೆ, ಗುಂಡಿಯೂ ಬೀಳುತ್ತದೆ, ಅದರಿಂದ ಜಾಸ್ತಿ ಏನೂ ಸಿಗುವುದಿಲ್ಲ.

ಕೈಕೆಲಸದ ದೊಡ್ಡ ಲಾಭ ಎಂದರೆ ಪ್ರತಿ ಪೊದೆಯ ಮುಂದೆ ಮಂಡಿಯೂರಿ ಕೂರಲೇಬೇಕು. ಕೋಲಿನಿಂದ ಒಣ ಎಲೆ ಸರಿಸಿದಾಗ ಚಿಪ್ಪಿನ ಹಳದಿ ಗೆರೆ ಕಾಣುತ್ತದೆ. ಆಗ ಆ ಪೊದೆಯನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೇವೆ. ಆಮೆಯನ್ನು ಎತ್ತಿ ಸಾಗಿಸುವುದಿಲ್ಲ. ಅದು ತಾನಾಗಿ ಎದ್ದುಹೋದ ಮೇಲೆ, ಸಂಜೆಗೋ ಮಾರನೇ ದಿನವೋ, ಬಂದು ಆ ಪೊದೆ ತೆಗೆಯುತ್ತೇವೆ. ನಿಧಾನ ನಿಜ. ಯಂತ್ರ ಒಂದು ಬೆಳಗಿನಲ್ಲಿ ಮುಗಿಸಿದಷ್ಟು ಜಾಗಕ್ಕೆ ನಮಗೆ ಏಳು ಭಾನುವಾರ ಬೇಕಾಯಿತು.

ಸಮಯ ಹೊಂದಿಸುವುದೇ ಇದರಲ್ಲಿ ಕಷ್ಟದ ಭಾಗ. ಬೇಸಿಗೆಯಲ್ಲಿ ನೆಲ ಕಲ್ಲಿನ ಹಾಗೆ, ಗುದ್ದಲಿ ಪುಟಿಯುತ್ತದೆ. ಮಳೆಗಾಲದಲ್ಲಿ ಮಣ್ಣು ಮೆತ್ತಗಾಗುತ್ತದೆ, ಆದರೆ ಆಮೆ ಕೂಡಿ ಮೊಟ್ಟೆ ಇಡುವುದೂ ಆಗಲೇ. ಅದಕ್ಕೇ ಮೊದಲ ಮಳೆ ಬಿದ್ದು ಮಣ್ಣು ಹದವಾದ ಕೂಡಲೇ ಶುರುಮಾಡಿ, ಒಂದೆರಡು ವಾರದಲ್ಲಿ ಬೇರು ಕತ್ತರಿಸುವ ಕೆಲಸ ನಿಲ್ಲಿಸುತ್ತೇವೆ. ಆಮೇಲೆ ಹೊಸ ಸಸಿ ಕೀಳುವುದು ಮಾತ್ರ, ಅದೂ ಎರಡು ಬೆರಳಿನಿಂದ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತಲೇ ಇರುವುದರಿಂದ ಈ ಕೆಲಸ ಪ್ರತಿ ವರ್ಷ ಇದ್ದದ್ದೇ. ಎರಡು ಮಳೆಗಾಲ ತಪ್ಪಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ನೆರಳಿಗೆ ಏನು ಮಾಡಿದಿರಿ ಅಂತ ಕೇಳುತ್ತಾರೆ. ಜಾಗವನ್ನು ಪಟ್ಟೆ ಪಟ್ಟೆಯಾಗಿ ತೆಗೆಯುತ್ತೇವೆ. ಒಂದು ಪಟ್ಟೆ ಬಿಡಿಸಿದರೆ ಪಕ್ಕದ್ದು ಮುಂದಿನ ವರ್ಷದವರೆಗೆ ಹಾಗೇ ಇರುತ್ತದೆ. ಮಧ್ಯೆ ಸಿಗುವ ಕವಳಿ, ಬಾರೆ, ತಂಗಡಿ ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿ ಉಳಿಸಿಕೊಳ್ಳುತ್ತೇವೆ. ಲಂಟಾನ ಹೋದ ಮೇಲೆ ಆಮೆ ಮಧ್ಯಾಹ್ನ ಅವುಗಳ ಬುಡಕ್ಕೆ ಬರುತ್ತದೆ. ಬೇರು ಕತ್ತರಿಸಿದ ಮೊದಲ ಪಟ್ಟೆಯಲ್ಲಿ ಈಗ ಮೊಣಕಾಲು ಮಟ್ಟದ ಹುಲ್ಲಿದೆ. ಜೆಸಿಬಿ ಓಡಿದ ತುಂಡಿನಲ್ಲಿ ಲಂಟಾನ ನನ್ನ ಎದೆಯವರೆಗೆ ಬೆಳೆದಿದೆ. ಈ ಮಳೆಗೆ ಅದನ್ನು ಮತ್ತೆ ಶುರುವಿನಿಂದ, ಗುದ್ದಲಿ ಹಿಡಿದು, ಬಿಡಿಸಲು ಹೊರಟಿದ್ದೇವೆ.