ಹೊಸ ಉತ್ಪನ್ನ ಎಲ್ಲಿ ಬಿಡುಗಡೆ: ಪ್ರಾಡಕ್ಟ್ ಹಂಟ್‌ನಲ್ಲೋ, ಶೋ ಎಚ್‌ಎನ್‌ನಲ್ಲೋ?

ಪ್ರಾಡಕ್ಟ್ ಹಂಟ್ ಎಂಬುದು ಹೊಸ ಉತ್ಪನ್ನಗಳು ಜನರ ಮತಕ್ಕಾಗಿ ಸ್ಪರ್ಧಿಸುವ ಜಾಲತಾಣ. ಅಲ್ಲಿ ದಿನದ ಪೈಪೋಟಿ ಆರಂಭವಾಗುವುದು ಅಮೆರಿಕದ ಪೆಸಿಫಿಕ್ ಸಮಯ ರಾತ್ರಿ 12.01ಕ್ಕೆ. ಭಾರತದಲ್ಲಿ ಆಗ ಮಧ್ಯಾಹ್ನ 12.31; ಅಲ್ಲಿ ಚಳಿಗಾಲವಾದರೆ 1.31. ಊಟದ ಹೊತ್ತಿಗೆ ಕುಳಿತ ತಂಡ ರಾತ್ರಿಯಿಡೀ ಪ್ರತಿಕ್ರಿಯೆಗಳಿಗೆ ಉತ್ತರಿಸುತ್ತಿರಬೇಕು. ಇದು ಒಬ್ಬರಿಂದಾಗುವ ಕೆಲಸವಲ್ಲ. ಚಿತ್ರ, ಕಿರು ವಿಡಿಯೊ, ಒಂದು ಸಾಲಿನ ಪರಿಚಯ ಅಚ್ಚುಕಟ್ಟಾಗಿದ್ದರೆ ಮಾತ್ರ ಜನ ನಿಂತು ನೋಡುತ್ತಾರೆ. ವಿನ್ಯಾಸಕಾರರೂ ಮಾರಾಟ ವಿಭಾಗದವರೂ ಬಳಸುವ ಸಾಧನಕ್ಕೆ ಇದೇ ಸರಿಯಾದ ಜಾಗ.

ಹ್ಯಾಕರ್ ನ್ಯೂಸ್ ಎಂಬ ತಂತ್ರಜ್ಞಾನ ಚರ್ಚಾತಾಣದಲ್ಲಿ ತಾವು ಕಟ್ಟಿದ್ದನ್ನು ತೋರಿಸುವ ವಿಭಾಗವಾದ ಶೋ ಎಚ್‌ಎನ್‌ಗೆ ಅಲಂಕಾರ ಬೇಡ. ಜನ ಬಳಸಿ ನೋಡುವಂತಿರಬೇಕು, ಬರೀ ನೋಂದಣಿ ಪುಟ ಹಾಕಿದರೆ ನಡೆಯದು. ಅಲ್ಲಿನ ಮಾತು ನಿಷ್ಠುರ, ಆದರೆ ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತಾರೆ. ಪ್ರೋಗ್ರಾಮರ್‌ಗಳಿಗಾಗಿ ಕಟ್ಟಿದ್ದಾದರೆ ನಾನು ಹೇಳುವುದು ಇದನ್ನೇ. ಗೆಳೆಯರ ಬಳಿ ಮತ ಕೇಳುವುದನ್ನು ಮಾತ್ರ ಎರಡೂ ಕಡೆ ಒಪ್ಪುವುದಿಲ್ಲ.